ಅವಳ ಕೈಗುಣ

ಕೈಗುಣ ಎನ್ನುವುದನ್ನು ನಾನು ನಂಬಿದವಳಲ್ಲ. ಆ ಡಾಕ್ಟರ ಕೈಗುಣ ಚಲೋ, ಈ ನರ್ಸಮ್ಮನ ಕೈಗುಣ ಅಷ್ಟಕ್ಕಷ್ಟೆ ಎಂದು ಹುಬ್ಬಳ್ಳಿಯ ಜನ ಮಾತಾಡಿಕೊಳ್ಳುವಾಗೆಲ್ಲ, ಔಷಧಶಾಸ್ತ್ರ ಓದಿದ ನಾನು ಮೂಗು ಮುರಿಯುತ್ತಿದ್ದೆ. ಕೊನೆಗೆ ಆ ಕೈಗುಣವನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿದವಳು ನಾನೇ. ಊರಿಗೆಲ್ಲ ಹಂಚಿದೆ. ನನ್ನ ಸ್ವಂತ ಕೈಗೆ ಮಾತ್ರ ಅದು ಹತ್ತಲಿಲ್ಲ. ಹತ್ತಿದ್ದು ನೀಲಗಂಗಾಳ ಕೈಗೆ. ಆ ಹೆಂಗಸಿನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಿತ್ತೆಂದರೆ, ಅವಳ ಹೆಸರು ಕಿವಿಗೆ ಬಿದ್ದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ನನ್ನ ಗಂಡ ಮುರಿಗೆಪ್ಪ ಬೋರ್ಡ್ ಪೇಂಟರ್. ಬೆಳಕಿನ ಬೋರ್ಡುಗಳ ಮೇಲೆ ಸರಕಾರ ತೆರಿಗೆ ಹೇರಿದ ಮೇಲೆ ಕೈಬರಹದ ಬೋರ್ಡಿಗೆ ಮತ್ತೆ ಕಾಲ ಬಂದಿತ್ತು. ಊರಿನ ಅರ್ಧ ಅಂಗಡಿಗಳ ಹೆಸರು ಇವರ ಬ್ರಷ್ಷಿನಿಂದಲೇ ಇಳಿದವು. ಅಳತೆಪಟ್ಟಿ ಇಲ್ಲದೆ ಆಳುದ್ದದ ಅಕ್ಷರವನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದ ಮನುಷ್ಯ. ಅಂಥವರಿಗೆ ಕಂಪವಾತ ಬಂತು. ಮೊದಲು ಹೆಬ್ಬೆರಳು ನಡುಗಿತು, ಆಮೇಲೆ ಕೈ, ಆಮೇಲೆ ಕೆಲವು ಬೆಳಿಗ್ಗೆ ಇಡೀ ದೇಹ ಕಟ್ಟಿಗೆಯಂತೆ ಸೆಟೆದು ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ.

ಮದ್ದು ಇರಲಿಲ್ಲವೆಂದಲ್ಲ. ಊರ ಹೊರಗಿನ ನಮ್ಮ ಸಂಶೋಧನಾ ಕೇಂದ್ರದಲ್ಲಿ ‘ಕಂಪಹರ’ ಎಂಬ ಮದ್ದು ಸಿದ್ಧವಾಗಿತ್ತು, ಅದರ ತಂಡಕ್ಕೆ ನಾನೇ ಮುಖ್ಯಸ್ಥೆ. ತೊಂದರೆ ಇದ್ದದ್ದು ದಾರಿಯಲ್ಲಿ. ಮದ್ದು ಎಷ್ಟೇ ಒಳ್ಳೆಯದಿರಲಿ, ದೇಹದೊಳಕ್ಕೆ ಹೋಗುವ ದಾರಿ ಸರಿಯಿಲ್ಲದಿದ್ದರೆ ಅದು ಮಣ್ಣಿಗೆ ಸಮ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಆ ಪಾಠವನ್ನು ಈಗ ಮನೆಯಲ್ಲೇ ಕಲಿಯಬೇಕಾಯಿತು.

ಬಾಯಿಯ ದಾರಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ಗುಳಿಗೆ ನುಂಗಿ ನೀರು ಕುಡಿದರೆ ಆಯಿತು, ಯಾರ ಹಂಗೂ ಇಲ್ಲ. ಆದರೆ ನುಂಗಿದ್ದೆಲ್ಲ ಹೊಟ್ಟೆ, ಕರುಳು ದಾಟಿ ಮೊದಲು ಯಕೃತ್ತಿಗೆ ಹೋಗಬೇಕು. ಯಕೃತ್ತು ಜಕಾತಿ ಕಟ್ಟೆ ಇದ್ದ ಹಾಗೆ. ಮುಂದಕ್ಕೆ ಬಿಡುವ ಮೊದಲು ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕಂಪಹರದಲ್ಲಿ ಅದು ಹೆಚ್ಚುಕಡಿಮೆ ಎಲ್ಲವನ್ನೂ ಕಿತ್ತುಕೊಳ್ಳುತ್ತಿತ್ತು. ರಕ್ತನಾಳಕ್ಕೆ ಸೂಜಿ ಹಾಕಿದರೆ ಪೂರ್ತಿ ಮದ್ದು ಕ್ಷಣದಲ್ಲಿ ಮೆದುಳು ಮುಟ್ಟುತ್ತದೆ, ನಿಜ. ಹೆಚ್ಚಾಯಿತೆಂದರೆ ಹಿಂದಕ್ಕೆ ತೆಗೆಯುವಂತಿಲ್ಲ. ಇವರ ಕೈ ಒಂದು ತಾಸು ಕುಣಿಯುತ್ತಿತ್ತು, ಮುಂದಿನ ತಾಸು ಮರಗಟ್ಟುತ್ತಿತ್ತು. ತೋಳಿನ ಸ್ನಾಯುವಿಗೆ ಚುಚ್ಚಿದರೆ ನಿಧಾನವಾಗಿ ಇಳಿಯುತ್ತದೆಂದು ಅದನ್ನೂ ಮಾಡಿದೆ. ಚುಚ್ಚಿದಲ್ಲೆಲ್ಲ ಗಂಟು ಕಟ್ಟಿತು. ಚರ್ಮಕ್ಕೆ ಅಂಟಿಸುವ ಪಟ್ಟಿ ಹಾಕಿದೆ. ಅಂಟು ಆಗದೆ ಬೊಕ್ಕೆ ಎದ್ದವು. ಮೂಗಿಗೆ ಸಿಂಪಡಿಸಿದೆ, ಹಸಿ ಬಣ್ಣದ ಬೋರ್ಡಿನ ಮೇಲೆ ಸೀನಿ ರಕ್ತ ಬಂದಿತು. ನಾಲಿಗೆಯ ಕೆಳಗೆ ಇಡುವ ಗುಳಿಗೆ ಒಳ್ಳೆಯ ಉಪಾಯ, ಯಕೃತ್ತನ್ನು ತಪ್ಪಿಸಿ ನೇರ ರಕ್ತಕ್ಕೆ ಸೇರುತ್ತದೆ. ಆದರೆ ಕಹಿಗೆ ಇವರ ಬಾಯಲ್ಲಿ ನೀರೂರಿ, ಕರಗುವ ಮೊದಲೇ ಗುಟುಕರಿಸಿಬಿಡುತ್ತಿದ್ದರು. ಗುದದ್ವಾರದ ದಾರಿಯೊಂದು ಉಳಿದಿದೆ ಎಂದು ವಿವರಿಸಿದ ದಿನ ಇವರು ಟವಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು.

“ಶಶಿ, ನಡುಗೂದು ನಡುಗಲಿ. ಮಾನಾ ಇರಲಿ,” ಎಂದರು.

ಆಗ ನನಗೆ ಹೊಳೆದದ್ದು ಹೊಸ ದಾರಿ. ಮದ್ದನ್ನು ಒಳಗೆ ಕಳಿಸುವ ಬದಲು ಮದ್ದು ಮಾಡುವ ಜೀವಾಣುವನ್ನೇ ಮನುಷ್ಯರ ಚರ್ಮದ ಮೇಲೆ ಕೂರಿಸಿದರೆ ಹೇಗೆ? ಬೆವರನ್ನು ಉಂಡು ಕಂಪಹರವನ್ನು ಒಸರುವ ಜೀವಾಣುವೊಂದನ್ನು ನಾನೂ ನನ್ನ ಸಹೋದ್ಯೋಗಿ ಫರ್ಜಾನಾ ನದಾಫಳೂ ಸೇರಿ ಬೆಳೆಸಿದೆವು. ಗಾಜಿನ ತಟ್ಟೆಯಲ್ಲಿ ಅದು ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ. ಕಂಪವಾತದವರ ಚರ್ಮ ಎಣ್ಣೆಣ್ಣೆ, ಅಲ್ಲೂ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದದ್ದು ಕೆಲವೇ ಕೆಲವು ಆರೋಗ್ಯವಂತರ ಅಂಗೈಯಲ್ಲಿ. ಅಂಥವರು ತಮ್ಮ ಎಡ ಅಂಗೈಯನ್ನು ರೋಗಿಯ ಮಣಿಕಟ್ಟಿನ ಒಳಬದಿಗೆ, ತೆಳು ಚರ್ಮದ ಮೇಲೆ, ಬೆಳಿಗ್ಗೆ ಸಂಜೆ ಅರ್ಧ ತಾಸು ಇಟ್ಟು ಕೂರಬೇಕು. ಮದ್ದು ಹದವಾಗಿ ಇಳಿಯುತ್ತದೆ. ಅಂಗೈಯ ಚರ್ಮ ದಪ್ಪವಾದ್ದರಿಂದ ಕೊಡುವವರಿಗೆ ಏನೂ ಆಗುವುದಿಲ್ಲ.

ಸರಕಾರಿ ಕಾಗದದಲ್ಲಿ ಅವರಿಗೆ ‘ಔಷಧವಾಹಕರು’ ಎಂದು ಹೆಸರು. ಜನ ಕರೆದದ್ದು ‘ಕೈಯವರು’ ಎಂದು. ಬಸ್ಸಿನಲ್ಲಿ ಕೈಯವರಿಗೆ ಸೀಟು ಬಿಟ್ಟುಕೊಡುವ ರೂಢಿ ಬಂತು. ಸೊಸೆಯನ್ನು ನೋಡಲು ಹೋದ ಅತ್ತೆಯರು ಹುಡುಗಿಯ ಅಂಗೈ ಪರೀಕ್ಷೆ ಆಗಿದೆಯೇ ಎಂದು ಕೇಳತೊಡಗಿದರು. ಮುದುಕ ಮಾವನ ಮಣಿಕಟ್ಟು ಹಿಡಿದು ಕೂರುವ ಪಕ್ಕದ ಮನೆಯವಳ ಮೇಲೆ ಅನುಮಾನಪಟ್ಟ ಅತ್ತೆಯರ ಕಥೆಗಳೂ ಹರಿದಾಡಿದವು. ನಾನು ಅದನ್ನೆಲ್ಲ ಕೇಳಿ ನಕ್ಕವಳು.

ಇವರಿಗೆ ಕೈ ಆಗಬೇಕಾದವಳು ನಾನಲ್ಲದೆ ಮತ್ಯಾರು? ನನ್ನ ಅಂಗೈಗೆ ಜೀವಾಣು ಬಿತ್ತಿದೆವು, ಸತ್ತಿತು. ಮತ್ತೆ ಬಿತ್ತಿದೆವು, ಮತ್ತೆ ಸತ್ತಿತು. ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಗಳಿಗೆಗೊಮ್ಮೆ ಕ್ರಿಮಿನಾಶಕದಿಂದ ಉಜ್ಜಿದ ಕೈ ಇದು. ಚರ್ಮದ ಪದರಪದರಕ್ಕೂ ಅದು ಇಳಿದುಬಿಟ್ಟಿದೆ, ಯಾವ ಜೀವಾಣುವೂ ಇಲ್ಲಿ ಸಂಸಾರ ಹೂಡುವುದಿಲ್ಲ ಎಂದು ಫರ್ಜಾನಾ ಹೇಳಿದಳು. ನೆಂಟರಿಷ್ಟರ ಕೈ ನೋಡಿದೆವು, ಓಣಿಯವರ ಕೈ ನೋಡಿದೆವು. ಕೊನೆಗೆ ಇವರಿಗೆ ಹೊಂದುವಷ್ಟು ಚೆನ್ನಾಗಿ ಜೀವಾಣು ಬೆಳೆದದ್ದು ದುರ್ಗದಬೈಲಿನಲ್ಲಿ ಪಾನಪಟ್ಟಿ ಅಂಗಡಿ ಇಟ್ಟುಕೊಂಡಿದ್ದ ನೀಲಗಂಗಾ ಎಂಬವಳ ಕೈಯಲ್ಲಿ. ಬೆಳೆದದ್ದಲ್ಲ, ಉಕ್ಕಿದ್ದು. ಫರ್ಜಾನಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, “ಮೇಡಂ, ಇದು ಕೈ ಅಲ್ರಿ, ಹೊಲ,” ಎಂದಳು.

ನೀಲಗಂಗಾಳಿಗೆ ನಲವತ್ತು ದಾಟಿತ್ತು. ಗಂಡ ಸೊಲ್ಲಾಪುರಕ್ಕೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಅದನ್ನು ಅವಳು ಮಳೆ ಬಂತು ಹೋಯಿತು ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದಳು. ಹಣೆಯ ಕುಂಕುಮ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅಂಗಡಿ ತೆರೆಯುವ ಮೊದಲು ನಮ್ಮ ಪಡಸಾಲೆಗೆ ಬಂದು, ಇವರ ಎದುರು ಕುರ್ಚಿ ಎಳೆದುಕೊಂಡು, ಇವರ ಬಲ ಮಣಿಕಟ್ಟನ್ನು ತನ್ನ ತೊಡೆಯ ಮೇಲಿನ ದಿಂಬಿಗಿಟ್ಟು ಅಂಗೈ ಮುಚ್ಚಿ ಕೂರುತ್ತಿದ್ದಳು. ಅವಳ ಮೈಯಿಂದ ಲವಂಗದ ವಾಸನೆ. ಅಡುಗೆಮನೆಯಲ್ಲಿದ್ದ ನನಗೂ ಅದು ಬರುತ್ತಿತ್ತು, ಒಗ್ಗರಣೆ ಹಾಕಿದರೂ ಹೋಗುತ್ತಿರಲಿಲ್ಲ.

“ಪೇಂಟರ್ರ, ಇವತ್ತ ಯಾವ ಬೋರ್ಡ್ರಿ?”

“ಪಾತ್ರೆ ಅಂಗಡೀದು. ಕೆಂಪ ಅಕ್ಷರ, ಹಳದಿ ನೆರಳು.”

“ಹಳದಿ ಯಾಕ್ರಿ, ಎಲ್ಲಾರೂ ಹಳದೀನ ಹಚ್ತಾರ. ಹಸರ ಹಚ್ರಿ. ನಮ್ಮ ಎಲಿ ಬಣ್ಣ.”

ಇವರು ನಕ್ಕರು. ನನ್ನ ಜೊತೆ ಮಾತಾಡುವಾಗ ಇವರ ಮುಖ ರೋಗಿಯ ಮುಖ. ಗುಳಿಗೆ ತಗೊಂಡ್ರಾ, ನಿದ್ದಿ ಬಂತಾ, ಮಲಾ ಸರಿ ಆತಾ ಎಂದು ಕೇಳುವ ಡಾಕ್ಟರಿಗೆ ಯಾರು ನಗುತ್ತಾರೆ? ಅವಳೆದುರು ಇವರ ಮುಖ ಸಡಿಲಾಗುತ್ತಿತ್ತು. ಮದ್ದು ಇಳಿದು ಮುಖದ ಸ್ನಾಯು ಸಡಿಲಾಗುತ್ತದೆ, ಅದು ವಿಜ್ಞಾನ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ವಿಜ್ಞಾನ ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯ ಉರಿ ಆರುವುದಿಲ್ಲ. ಅರ್ಧ ತಾಸು ಮುಗಿಯುತ್ತಿದ್ದಂತೆ ಕುಕ್ಕರಿನ ಸೀಟಿಯಂತೆ ಹೊರಗೆ ಬಂದು, “ಆತಲ್ಲ?” ಎಂದು ನಿಲ್ಲುತ್ತಿದ್ದೆ. ನೀಲಗಂಗಾ ಕೈ ತೆಗೆದು, ಸೆರಗು ಸರಿಮಾಡಿಕೊಂಡು, “ಬರ್ತೀನ್ರಿ ಅಕ್ಕಾರ,” ಎಂದು ಹೋಗುತ್ತಿದ್ದಳು. ಅದಾಗಿ ಸ್ವಲ್ಪ ಹೊತ್ತಿಗೆ ಇವರು ಬಣ್ಣದ ಡಬ್ಬಿ ಹಿಡಿದು, ನಡುಗದ ಕೈಯಿಂದ ಚಪ್ಪಲಿಯ ಪಟ್ಟಿ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಅದನ್ನು ನೋಡಿದಾಗ ಸಂತೋಷವಾಗುತ್ತಿತ್ತು. ಆ ಸಂತೋಷಕ್ಕೆ ಅವಳು ಕಾರಣವಲ್ಲ ಎಂದಿದ್ದರೆ ಇನ್ನೂ ಆಗುತ್ತಿತ್ತು.

ನಮ್ಮ ಕೇಂದ್ರದಲ್ಲಿ ‘ಕಾವಲು ಕೋಣೆ’ ಅಂತ ಒಂದಿದೆ. ರೋಗಿಗಳ ತೋಳಿನ ಚರ್ಮದಡಿ ಅಕ್ಕಿಕಾಳಿನಷ್ಟು ಸಂವೇದಕ ಇಟ್ಟಿರುತ್ತೇವೆ. ರಕ್ತದಲ್ಲಿ ಮದ್ದು ಎಷ್ಟಿದೆ ಎಂಬುದು ಅಲ್ಲಿನ ಪರದೆಯ ಮೇಲೆ ಗೆರೆಯಾಗಿ ಓಡುತ್ತಿರುತ್ತದೆ. ಆ ಕೋಣೆ ಫರ್ಜಾನಾಳ ಸಾಮ್ರಾಜ್ಯ. ಒಂದು ದಿನ ಅವಳು ನನ್ನನ್ನು ಕರೆದು, ಪರದೆಯ ಮುಂದೆ ಕೂರಿಸಿ, ಬಾಗಿಲು ಮುಂದೆ ಮಾಡಿದಳು.

“ಮೇಡಂ, ಸಿಟ್ಟಾಗಬಾರ್ದು. ಇದು ನಿಮ್ಮ ಮನಿಯವರ ಗೆರಿ.”

ಮದ್ದು ಏರಿ ಇಳಿದ ಬೆಳಗಿನ ಗುಡ್ಡ ಸರಿಯಾಗಿತ್ತು. ಸಂಜೆಯ ಗುಡ್ಡವೂ ಸರಿ. ಎರಡರ ನಡುವೆ, ಮಧ್ಯಾಹ್ನ ಊಟದ ನಂತರ, ಮೂರನೆಯದೊಂದು ಗುಡ್ಡ. ಒಂದು ದಿನದ್ದಲ್ಲ, ಹಿಂದಿನ ವಾರವೆಲ್ಲ ಅದೇ ಹೊತ್ತಿಗೆ.

“ಸಂವೇದಕ ಕೆಟ್ಟಿರಬೇಕು,” ಎಂದೆ.

“ಬದಲಿ ಮಾಡಿ ನೋಡೀನ್ರಿ. ಕೆಟ್ಟಿಲ್ಲ. ಮಧ್ಯಾಹ್ನ ಯಾರೋ ಮದ್ದು ಕೊಡಾಕತ್ತಾರ.”

ಯಾರೋ ಎಂದು ಅವಳು ಸೌಜನ್ಯಕ್ಕೆ ಹೇಳಿದ್ದು. ಈ ಊರಲ್ಲಿ ಇವರಿಗೆ ಹೊಂದುವ ಕೈ ಒಂದೇ ಇತ್ತು. ಇವರು ಆ ವಾರ ಬೋರ್ಡು ಬರೆಯುತ್ತಿದ್ದ ಪಾತ್ರೆ ಅಂಗಡಿಯೂ ದುರ್ಗದಬೈಲಿನಲ್ಲೇ, ಅವಳ ಪಾನಪಟ್ಟಿ ಅಂಗಡಿಯ ಆಚೆ ಬದಿಗೆ. ನಾನು ಕಂಡುಹಿಡಿದ ಜೀವಾಣು, ನಾನು ಹಾಕಿಸಿದ ಸಂವೇದಕ, ನನ್ನದೇ ಪರದೆ. ಅದರ ಮೇಲೆ ನನ್ನ ಗಂಡ ನನಗೆ ಹೇಳದೆ ಇನ್ನೊಬ್ಬಳ ಕೈ ಹಿಡಿದು ಕೂತದ್ದು ಗೆರೆಯಾಗಿ ಮೂಡುತ್ತಿತ್ತು. ಯಾವ ಹೆಂಡತಿಗೂ ಇಂಥ ಪುರಾವೆ ಸಿಕ್ಕಿರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಆಟೋ ಹಿಡಿದು ದುರ್ಗದಬೈಲಿಗೆ ಹೋದೆ. ದೂರದಲ್ಲೇ ಇಳಿದು, ಸೀರೆ ಅಂಗಡಿಯ ಕಂಬದ ಮರೆಯಲ್ಲಿ ನಿಂತು ನೋಡಿದೆ. ನೀಲಗಂಗಾ ತನ್ನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಮುಳುಗಿದ್ದಳು, ಎದ್ದು ಹೋಗುವ ಲಕ್ಷಣವೇ ಇರಲಿಲ್ಲ. ಆಚೆ ಬದಿಯಲ್ಲಿ ಏಣಿಯ ಮೇಲೆ ಇವರು ಒಬ್ಬರೇ. ಕೆಂಪು ಅಕ್ಷರಗಳು ಮುಗಿದಿದ್ದವು, ನೆರಳು ಹಚ್ಚುತ್ತಿದ್ದರು. ನೆರಳಿನ ಬಣ್ಣ ಹಸಿರು. ಮದುವೆಯಾದಾಗಿನಿಂದ ನಾನು ಹೇಳಿದ ಬಣ್ಣವನ್ನು ಈ ಮನುಷ್ಯ ಒಮ್ಮೆಯೂ ಹಚ್ಚಿದ್ದಿಲ್ಲ. ಅದನ್ನು ನೋಡಿ ಬಂದ ಸಂಕಟ ಮೂರನೆಯ ಗುಡ್ಡ ನೋಡಿದಾಗಲೂ ಬಂದಿರಲಿಲ್ಲ.

ಹತ್ತಿರ ಹೋದಾಗ ಕಂಡಿತು: ಇವರ ಎಡಗೆನ್ನೆ ಉಬ್ಬಿತ್ತು.

“ಬಾಯಾಗ ಏನೈತ್ರಿ?”

ಇವರು ಬೆಚ್ಚಿ ಏಣಿ ಹಿಡಿದುಕೊಂಡರು. ನಿಧಾನವಾಗಿ ಇಳಿದರು. ಉತ್ತರ ಕೊಡಲು ಬಾಯಿ ಬಿಡಬೇಕು, ಬಿಟ್ಟರೆ ಕಳ್ಳತನ ಹೊರಗೆ.

ಎಲೆ. ಹಲವು ವರ್ಷಗಳ ಹಿಂದೆ ನಾನೇ ಬಿಡಿಸಿದ್ದ ಎಲೆ. ಹುಡುಗನಾಗಿದ್ದಾಗಿನಿಂದ ಇವರು ಕೆಲಸ ಮಾಡುವಾಗ ದವಡೆಗೆ ಒಂದು ಎಲೆ ಒತ್ತಿಕೊಂಡು ತಾಸುಗಟ್ಟಲೆ ಇರುತ್ತಿದ್ದರು. ಅಡಿಕೆ, ತಂಬಾಕು, ಬಾಯಿಯ ಕ್ಯಾನ್ಸರು ಎಂದು ಹೆದರಿಸಿ, ಆಣೆ ಹಾಕಿಸಿ ಬಿಡಿಸಿದ್ದೆ.

“ಅಡಕಿ ಇಲ್ಲ ಶಶಿ, ತಂಬಾಕೂ ಇಲ್ಲ,” ಎಂದರು. “ಬರೇ ಎಲಿ, ಸುಣ್ಣ, ಒಂದ್ ಲವಂಗ. ಮುಂಜಾನೆ ಹೋಗೂ ಮುಂದ ನೀಲವ್ವ ಒಂದ ಮಡಚಿ ಕೊಟ್ಟ ಹೋಗ್ತಾಳ. ಉಂಡ ಮ್ಯಾಲೆ ಹಾಕ್ಕೋತೀನಿ.”

“ನನ್ನ ಮುಂದ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬಿಡಸ್ತಿದ್ದಿ.”

ನಮ್ಮಲ್ಲಿ ಮದುವೆಯ ದಿನ ಗಂಡಿಗೆ ಹೆಣ್ಣು ಎಲೆ ಮಡಿಸಿ ಬಾಯಿಗಿಡುತ್ತಾಳೆ. ಎಲ್ಲರೂ ಸುತ್ತ ನಿಂತು ನಗುತ್ತಾರೆ. ನಾನೂ ಇಟ್ಟಿದ್ದೆ, ಇವರು ನಾಚಿ ನನ್ನ ಬೆರಳು ಕಚ್ಚಿದ್ದರು. ಆ ಬಾಯಿಗೆ ಈಗ ದಿನವೂ ಇನ್ನೊಬ್ಬಳು ಮಡಿಸಿದ ಎಲೆ. ಕೈ ಹಿಡಿದದ್ದನ್ನು ಮದ್ದು ಎಂದು ನುಂಗಿಕೊಂಡಿದ್ದೆ. ಇದಕ್ಕೆ ಯಾವ ಹೆಸರು ಇಡಲಿ? ಬಜಾರದ ನಡುವೆ ನಿಂತು ಅಳು ಬಂತು, ಸಿಟ್ಟಿನಿಂದ ತಡೆದೆ. ಇನ್ನೇನು ಜೋರಾಗಿ ಮಾತು ಬರಬೇಕು, ಅಷ್ಟರಲ್ಲಿ ತಲೆಯೊಳಗಿನ ಇನ್ನೊಬ್ಬಳು, ಆ ಹಾಳು ವಿಜ್ಞಾನಿ, ಎದ್ದು ಕುಳಿತಳು. ಈಗ ಯಾರ ಕೈಯೂ ಇವರ ಮಣಿಕಟ್ಟಿನ ಮೇಲಿಲ್ಲ. ಮೂರನೆಯ ಗುಡ್ಡ ಏಳುವುದು ಇದೇ ಹೊತ್ತಿಗೆ.

ಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಇವರ ಗಲ್ಲದ ಕೆಳಗೆ ಹಿಡಿದೆ. “ಉಗುಳ್ರಿ,” ಎಂದೆ.

ಆ ಸಂಜೆಯೇ ಕೇಂದ್ರದಲ್ಲಿ ವಿಷಯ ಬಯಲಾಯಿತು. ಎಲೆಯ ಮೇಲೆ ನಮ್ಮ ಜೀವಾಣು ಜೀವಂತವಾಗಿತ್ತು. ಎಲೆ ಮಡಿಸುವವರು ಅದನ್ನು ಎಡ ಅಂಗೈಯಲ್ಲಿ ಹರವಿಕೊಂಡು ಬಲಗೈಯಿಂದ ಸುಣ್ಣ ಸವರುತ್ತಾರೆ. ಜೀವಾಣು ಇದ್ದದ್ದು ಅದೇ ಎಡ ಅಂಗೈಯಲ್ಲಿ. ವೀಳ್ಯದೆಲೆಯ ಎಣ್ಣೆ ಬಹಳಷ್ಟು ಜೀವಾಣುಗಳನ್ನು ಕೊಲ್ಲುತ್ತದೆ, ಹಾಗಾಗಿ ಅದರ ಮೇಲೆ ಪರೀಕ್ಷಿಸುವ ಬುದ್ಧಿ ನಮಗೆ ಬಂದಿರಲಿಲ್ಲ. ಆದರೆ ನೀಲಗಂಗಾಳ ಅಂಗೈ ಚಿಕ್ಕಂದಿನಿಂದ ಎಲೆಯ ರಸದಲ್ಲಿ ನೆನೆದದ್ದು. ಅಲ್ಲಿ ತಿಂಗಳುಗಟ್ಟಲೆ ಬದುಕಿದ ಜೀವಾಣು ಬೆವರಿನ ಬದಲು ಎಲೆಯ ರಸವನ್ನೇ ಉಣ್ಣುವಷ್ಟು ಎಲೆಗೆ ಒಗ್ಗಿಹೋಗಿತ್ತು. ಸುಣ್ಣ ಬೆರೆತಾಗ ಕಂಪಹರ ಕೆನ್ನೆಯ ಒಳಚರ್ಮವನ್ನು ದಾಟುವ ರೂಪಕ್ಕೆ ಬರುತ್ತದೆ. ಅಲ್ಲಿಂದ ನೇರ ರಕ್ತಕ್ಕೆ, ಯಕೃತ್ತಿನ ಜಕಾತಿ ಕಟ್ಟೆಯ ತಂಟೆಯೇ ಇಲ್ಲ. ನಾಲಿಗೆಯ ಕೆಳಗಿನ ಗುಳಿಗೆಯಲ್ಲಿ ನಾನು ಸೋತದ್ದು ಇವರು ಅದನ್ನು ನುಂಗುತ್ತಿದ್ದರೆಂದು. ಎಲೆಯನ್ನು ಇವರು ನುಂಗುತ್ತಿರಲಿಲ್ಲ, ದವಡೆಗೆ ಒತ್ತಿಕೊಂಡು ಮರೆಯುತ್ತಿದ್ದರು. ಮದ್ದಿಗೆ ಬೇಕಾದ ದಾರಿ ಇವರ ಬಾಯಲ್ಲೇ ಇತ್ತು, ಅದನ್ನು ಮುಚ್ಚಿಸಿದವಳು ನಾನು.

ಫರ್ಜಾನಾ ಆ ಹೊಸ ತಳಿಗೆ ‘ನೀಲಾ’ ಎಂದು ಹೆಸರಿಟ್ಟಳು. ನನ್ನನ್ನು ಕೇಳಲೂ ಇಲ್ಲ.

ಆದರೂ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಮತ್ತು ಅದು ವಿಜ್ಞಾನದ ಸಂತೋಷವಾಗಿರಲಿಲ್ಲ. ಜೀವಾಣು ಎಲೆಯ ಮೇಲೆ ಬದುಕುತ್ತದೆ ಎಂದರೆ ಬಳ್ಳಿಯ ಮೇಲೂ ಬದುಕುತ್ತದೆ. ಬಳ್ಳಿಯ ಮೇಲೆ ಬದುಕಿದರೆ ಕೈ ಬೇಡ. ಕೈ ಬೇಡವಾದರೆ ನೀಲಗಂಗಾ ಬೇಡ. ಕೇಂದ್ರದ ಗಾಜಿನ ಮನೆಯಲ್ಲಿ ಬಳ್ಳಿ ಹಬ್ಬಿಸಿದೆವು. ಗ್ಲೌಸು ತೊಟ್ಟು ಮಡಿಸಿದ ಎಲೆಗಳನ್ನು ಡಬ್ಬಿಯಲ್ಲಿ ತಂದು ಇವರಿಗೆ ಕೊಟ್ಟು ನೋಡಿದೆವು. ಮೂರು ಹೊತ್ತೂ ಗುಡ್ಡಗಳು ಒಂದರಂತೆ ಒಂದು ಎದ್ದವು. ಒಂದು ಬಳ್ಳಿಯನ್ನು ನಮ್ಮ ಹಿತ್ತಲಿಗೂ ತಂದು ನೆಟ್ಟೆ. ಅದು ಗೋಡೆ ಹತ್ತಿದ ಮೇಲೆ ಒಂದು ಬೆಳಿಗ್ಗೆ ನೀಲಗಂಗಾಳಿಗೆ ನಾನೇ ಹೇಳಿದೆ.

“ನಾಳಿಂದ ಬರೂದು ಬ್ಯಾಡವಾ. ನಿನಗ ಭಾಳ ತ್ರಾಸು ಕೊಟ್ಟಿವಿ.”

“ತ್ರಾಸೇನಿಲ್ರಿ,” ಎಂದಳು. ಹಿತ್ತಲ ಕಡೆ ಇಣುಕಿ ಬಳ್ಳಿ ನೋಡಿದಳು. “ಚಲೋ ಹಬ್ಬೈತ್ರಿ ಅಕ್ಕಾರ.” ಇವರು ಬ್ರಷ್ಷು ತೊಳೆಯುತ್ತಿದ್ದರು. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದರು ಎಂಬುದನ್ನು ನಾನು ಗಮನಿಸಿದೆ.

ಆಮೇಲೂ ಕೆಲವು ದಿನ ಕೇಂದ್ರದ ಡಬ್ಬಿಯ ಎಲೆಯೇ ನಡೆಯಿತು. ಡಬ್ಬಿ ಮುಗಿದ ಮರುದಿನ ನಮ್ಮ ಹಿತ್ತಲಿನ ಎಲೆಯ ಮೊದಲ ದಿನ. ಅಂದು ನಾನು ಮಿಂದು, ಮಡಿಸೀರೆ ಉಟ್ಟು, ಬಳ್ಳಿಯಿಂದ ಒಳ್ಳೆಯ ಎಲೆ ಆರಿಸಿ ತಂದೆ. ಎಡ ಅಂಗೈಯಲ್ಲಿ ಹರವಿದೆ. ತೊಟ್ಟು ಮುರಿದು, ಬೆರಳಿನಿಂದ ಸುಣ್ಣ ಸವರಿ, ಮಡಿಸಿ, ಲವಂಗ ಚುಚ್ಚಿದೆ. ಇವರ ಬಾಯಿಗೆ ನಾನೇ ಇಟ್ಟೆ. ಇವರು ಕಣ್ಣಲ್ಲೇ ನಕ್ಕರು, ಬೆರಳು ಕಚ್ಚುವಂತೆ ಮಾಡಿದರು. ಮಧ್ಯಾಹ್ನಕ್ಕೆಂದು ಇನ್ನೊಂದು ಮಡಿಸಿ ಡಬ್ಬಿಗೆ ಹಾಕಿದೆ. ಅಂದು ಬೆಳಿಗ್ಗೆ ನನ್ನಷ್ಟು ಗೆದ್ದವಳು ಹುಬ್ಬಳ್ಳಿಯಲ್ಲಿ ಯಾರೂ ಇರಲಿಲ್ಲ.

ಇವರ ಮೈಯಲ್ಲಿ ಹಿಂದಿನ ಸಂಜೆಯ ಮದ್ದಿನ ಶೇಷ ಸ್ವಲ್ಪ ಇತ್ತು, ಅದರ ಬಲದ ಮೇಲೆ ದುರ್ಗದಬೈಲಿನ ಇನ್ನೊಂದು ಅಂಗಡಿಯ ಬೋರ್ಡು ಬರೆಯಲು ಹೋದರು. ನಾನು ಕೇಂದ್ರಕ್ಕೆ ಹೋಗಿ ಬಿಳಿ ಕೋಟು ತೊಟ್ಟು, ಅಭ್ಯಾಸದಂತೆ ಕ್ರಿಮಿನಾಶಕ ಒತ್ತಿ ಅಂಗೈ ಉಜ್ಜಿಕೊಳ್ಳುತ್ತಿದ್ದಾಗ ಫರ್ಜಾನಾ ಕಾವಲು ಕೋಣೆಯಿಂದ ಓಡಿಬಂದಳು.

“ಮೇಡಂ, ಗೆರಿ ಮ್ಯಾಲೆ ಏಳವಲ್ದು. ನೆಲಕ್ಕ ಬಿದ್ದೈತಿ.”

ನಾನು ನನ್ನ ಕೈಗಳನ್ನು ನೋಡಿಕೊಂಡೆ. ತೇವದಿಂದ ಹೊಳೆಯುತ್ತಿದ್ದವು, ಆಸ್ಪತ್ರೆಯ ವಾಸನೆ ಬರುತ್ತಿತ್ತು. ಪ್ರಯೋಗಾಲಯದಲ್ಲಿ ಗ್ಲೌಸಿಲ್ಲದೆ ಎಲೆಯ ಹತ್ತಿರ ಹೋಗದವಳು ನಾನು. ನನ್ನ ಬೆರಳು ತಗುಲಿದರೆ ಈ ಜೀವಾಣು ಸಾಯುತ್ತದೆಂದು ಮೊದಲು ತಿಳಿದವಳೂ ನಾನೇ. ಗ್ಲೌಸಿನ ಡಬ್ಬಿ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ಅವಳು ಬರಿಗೈಯಲ್ಲಿ ಮಡಿಸಿ ಕೊಡುತ್ತಿದ್ದಳು, ನಾನೇಕೆ ಗ್ಲೌಸು ತೊಡಲಿ ಎನ್ನುವ ಹಟ ನನ್ನ ಬುದ್ಧಿಯನ್ನು ತಿಂದಿತ್ತು.

ದುರ್ಗದಬೈಲು ಮುಟ್ಟುವಷ್ಟರಲ್ಲಿ ಜನ ಸೇರಿದ್ದರು. ಇವರು ಏಣಿಯ ಮೇಲೇ ಸೆಟೆದು ನಿಂತುಬಿಟ್ಟಿದ್ದರಂತೆ, ಇಳಿಯಲೂ ಆಗದೆ, ಕೂಗಲೂ ಆಗದೆ. ಅಂಗಡಿಯವರು ಹೆಗಲು ಕೊಟ್ಟು ಇಳಿಸಿದ್ದರು. ಬೋರ್ಡಿನ ಮೇಲೆ ಅರ್ಧ ಬರೆದ ಅಕ್ಷರದಿಂದ ಒಂದು ಕೆಂಪು ಗೆರೆ ಕೆಳಗಿನ ತನಕ ಜಾರಿತ್ತು. ಕೆಳಗೆ ಫುಟ್‌ಪಾತಿನ ಮೇಲೆ ಇವರು ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನೀಲಗಂಗಾ. ಅಂಗಡಿ ಹಾಗೇ ಬಿಟ್ಟು ಬಂದಿದ್ದಳು. ನಡುಬಜಾರಿನಲ್ಲಿ, ಅಷ್ಟು ಜನರ ಕಣ್ಣೆದುರು, ನನ್ನ ಗಂಡನ ಮಣಿಕಟ್ಟು ಅವಳ ತೊಡೆಯ ಮೇಲಿತ್ತು, ಅವಳ ಎಡ ಅಂಗೈ ಅದರ ಮೇಲೆ.

ಅವಳನ್ನು ಎಳೆದು ಎಬ್ಬಿಸಬೇಕು ಅನ್ನಿಸಿತು. ಅವಳು ಎದ್ದರೆ ಆ ಜಾಗದಲ್ಲಿ ಕೂತು ನಾನು ಮಾಡುವುದೇನು? ಎರಡೂ ಕೈ ಇಳಿಬಿಟ್ಟುಕೊಂಡು ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊಟ್ಟೆಕಿಚ್ಚು ನಾನು ಪಟ್ಟಿಲ್ಲ.

“ಅಕ್ಕಾರ, ಇವತ್ತಿನ ಎಲಿ ಯಾರು ಮಡಚಿದ್ರಿ?” ನೀಲಗಂಗಾ ಕೇಳಿದಳು.

“ನಾನ.”

ಅವಳು ನನ್ನ ಕೈ ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು. ಇವರು ಮರಗಟ್ಟಿದ ನಾಲಿಗೆಯನ್ನು ಹೊರಳಿಸಿ, ಒಂದೊಂದೇ ಮಾತು ಕಿತ್ತು ಹೇಳಿದರು: “ರುಚಿ... ಚಲೋ ಇತ್ತು.”

ಇವರ ಇನ್ನೊಂದು ಪಕ್ಕಕ್ಕೆ ಹೋಗಿ ಕೂತೆ. ಜನ ನಿಧಾನವಾಗಿ ಕರಗಿದರು. ಇವರ ಬೆರಳುಗಳು ಒಂದೊಂದಾಗಿ ಸಡಿಲಾದವು, ಮುಖಕ್ಕೆ ಕಳೆ ಬಂತು. ಅಂಗಡಿಯವರು ಚಹಾ ತಂದುಕೊಟ್ಟಾಗ ಬಸಿಯನ್ನು ತಾವೇ ಹಿಡಿದು ಕುಡಿದು, ಕೆಟ್ಟ ಬೋರ್ಡನ್ನು ಒರೆಸಲು ಸೀಮೆಎಣ್ಣೆ ಕೇಳುತ್ತ ಒಳಗೆ ಹೋದರು. ನಾವಿಬ್ಬರೇ ಉಳಿದೆವು.

“ನೀಲಗಂಗಾ, ಒಂದ್ ಮಾತು ಕೇಳ್ತೀನಿ. ನಮ್ಮನಿಗೆ ಬರೂದು ನಿನಗ ಬ್ಯಾಸರ ಇತ್ತೇನು?”

ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. “ಖರೇ ಹೇಳ್ಲೇನ್ರಿ? ನನ್ನ ಗಂಡ ಹ್ವಾದ ಮ್ಯಾಲೆ ಈ ಕೈಯಾಗ ಚಿಲ್ಲರೆ ಇಟ್ಟವ್ರು ಭಾಳ ಮಂದಿ. ಕೈ ಹಿಡದ ಕುಂತವ್ರು ಇವರೊಬ್ರ. ನಿಮಗ ಸಿಟ್ಟ ಬರ್ತದಂತ ನನಗ ಗೊತ್ತಿತ್ತು. ಆದ್ರೂ ಆ ಅರ್ಧ ತಾಸು ನನಗೂ ಬೇಕಾಗಿತ್ರಿ. ಇನ್ನೇನೂ ಇಲ್ರಿ ಅಕ್ಕಾರ. ಅಷ್ಟ.”

ಹಾಗಾದರೆ ನನ್ನ ಹೊಟ್ಟೆಕಿಚ್ಚು ಪೂರ್ತಿ ಸುಳ್ಳಾಗಿರಲಿಲ್ಲ. ಕೇಳಿ ಸಿಟ್ಟು ಬಂತು. ಸಿಟ್ಟಿನ ಜೊತೆ ಒಂದು ವಿಚಿತ್ರ ಸಮಾಧಾನವೂ ಬಂತು, ಇಷ್ಟು ದಿನ ಗಾಳಿಯ ಜೊತೆ ಗುದ್ದಾಡಿಲ್ಲವಲ್ಲ ಎಂದು. ಅವಳ ಕೈ ಈಗ ಬರಿದಾಗಿ ಅವಳ ತೊಡೆಯ ಮೇಲೆ ಬಿದ್ದಿತ್ತು. ಅಂಗೈಯ ಗೆರೆಗಳಲ್ಲಿ ಎಲೆಯ ಹಸಿರು ಕುಳಿತಿತ್ತು.

ನಮ್ಮ ಪ್ರಯೋಗಗಳಲ್ಲಿ ಜೀವಾಣುವನ್ನು ಯಾವಾಗಲೂ ಗಾಜಿನ ತಟ್ಟೆಯಿಂದ ಕೈಗೆ ಬಿತ್ತಿದ್ದೆವು. ಕೈಯಿಂದ ಕೈಗೆ ಬಿತ್ತಿ ನೋಡಿರಲಿಲ್ಲ. ಎಲೆಯ ಎಣ್ಣೆಗೇ ಜಗ್ಗದ ಈ ಹೊಸ ತಳಿ ನನ್ನ ಕ್ರಿಮಿನಾಶಕದ ಕೈಗೂ ಒಗ್ಗಿದರೆ? ಒಗ್ಗೀತು, ಒಗ್ಗದೆಯೂ ಇದ್ದೀತು.

“ನಾಳೆ ಮುಂಜಾನೆ ಬಾ,” ಎಂದೆ. “ಅವರ ಕೈ ಹಿಡಿಲಿಕ್ಕಲ್ಲ. ನನ್ನ ಕೈ ಹಿಡಿ.”

ಈಗ ಇವರಿಗೆ ಬೆಳಗಿನ ಎಲೆಯನ್ನು ನಾನೇ ಮಡಿಸುತ್ತೇನೆ, ಗ್ಲೌಸು ತೊಟ್ಟು. ರುಚಿ ಮೊದಲಿನಷ್ಟಿಲ್ಲ ಎನ್ನುತ್ತಾರೆ. ಗೆರೆ ಮಾತ್ರ ಮೂರು ಹೊತ್ತೂ ನೆಟ್ಟಗೆ ಏಳುತ್ತದೆ. ಆಮೇಲೆ ಗ್ಲೌಸು ಬಿಚ್ಚಿ, ಕೈ ತೊಳೆಯದೆ, ಪಡಸಾಲೆಯಲ್ಲಿ ಕೂರುತ್ತೇನೆ. ನೀಲಗಂಗಾ ಬಂದು ತನ್ನ ಅಂಗೈಯನ್ನು ನನ್ನ ಅಂಗೈಗೆ ಒತ್ತಿ ಕೂರುತ್ತಾಳೆ. ಕೇಂದ್ರದಲ್ಲಿ ಕ್ರಿಮಿನಾಶಕ ಬಳಸುವ ಕೆಲಸವನ್ನೆಲ್ಲ ಫರ್ಜಾನಾಳಿಗೆ ವಹಿಸಿದ್ದೇನೆ. ಮೊದಲ ದಿನ ನಾವಿಬ್ಬರೂ ಗೋಡೆ ನೋಡುತ್ತ ಕೂತೆವು. ಎರಡನೆಯ ದಿನ ಅವಳು ಸೊಲ್ಲಾಪುರದವನ ಗೊರಕೆಯ ಸುದ್ದಿ ತೆಗೆದಳು. ನನ್ನ ಗಂಡನ ಗೊರಕೆಯ ಸುದ್ದಿ ನನ್ನ ಬಳಿಯೂ ಇತ್ತು.

ಇವರು ಒಳಗೆ ದವಡೆಗೆ ಎಲೆ ಒತ್ತಿಕೊಂಡು ಕೂತಿರುತ್ತಾರೆ, ಸರಿಯಾಗಿ ಮಾತಾಡಲು ಬರುವುದಿಲ್ಲ. ಮೊನ್ನೆ ಬಾಗಿಲಿಗೆ ಬಂದು ನಿಂತು, ಉಬ್ಬಿದ ಕೆನ್ನೆಯಲ್ಲೇ ಗೊಣಗಿದರು: “ಏನ ಅಷ್ಟ ನಗಾಕತ್ತೀರಿ? ಅರ್ಧ ತಾಸು ಆತಲ್ಲ?”

ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಇಷ್ಟು ದಿನವಾಯಿತು, ನಿಮ್ಮ ಅಂಗೈ ಒರೆಸಿ ಒಂದು ಮಾದರಿ ಕೊಡಿ, ಜೀವಾಣು ಹತ್ತಿದೆಯೋ ಇಲ್ಲವೋ ನೋಡಿಬಿಡೋಣ ಎಂದು ಫರ್ಜಾನಾ ದಿನವೂ ಕೇಳುತ್ತಾಳೆ. ಗಳಿಗೆಯ ಕೆಲಸ. ಹತ್ತಿದ್ದರೆ ನಾಳೆಯಿಂದಲೇ ಬರಿಗೈಯಲ್ಲಿ ಎಲೆ ಮಡಿಸಿ ಇವರ ಬಾಯಿಗಿಡಬಹುದು. ಹತ್ತಿದ್ದರೆ ನೀಲಗಂಗಾ ನಾಳೆಯಿಂದ ಬರುವ ಕಾರಣವೂ ಇರುವುದಿಲ್ಲ. ಸೋಮವಾರ ಕೊಡುತ್ತೇನೆ ಎಂದು ಫರ್ಜಾನಾಳಿಗೆ ಹೇಳಿದ್ದೇನೆ. ಹಿಂದಿನ ಸೋಮವಾರವೂ ಹಾಗೆಯೇ ಹೇಳಿದ್ದೆ.